ಬೋರಲು ಬಟ್ಟಲು

ಅರಬ್ಬಿ ಅಂಕಿಯಲ್ಲಿ ಏಳೆಂದರೆ
ಬಾಯಿ ಮೇಲಾಗಿಟ್ಟ ಬಟ್ಟಲು.
ಅದನ್ನೇ ಬೋರಲಿಟ್ಟರೆ ಎಂಟು.
ಇಷ್ಟು ನೆನಪಿರಲಿ.

ಅಲೆಕ್ಸಾಂಡ್ರಿಯಾದಲ್ಲಿ ಕಡಲಿಗೆ ಬೆನ್ನು ಹಾಕಿದ ಬೀದಿ,
ನಾಲ್ಕನೆಯ ಮಹಡಿ, ಹಪ್ಪಳವೆದ್ದ ಗೋಡೆ.
ಕಿಟಕಿಯ ಅಂಚು ನೆಲದಿಂದ ಎಂಬತ್ತು ಸೆಂಟಿಮೀಟರು.
ಅದರ ಕೆಳಗೆ ಬೀಚ್ ಮರದ ಕಪಾಟು ಬೇಕೆಂದಳು
ಮದುಮಗಳು ಶಹೀರಾ.
"ಮೇಲೆ ಕೂತರೆ ಟ್ರಾಮು ಕಾಣಬೇಕು,
ಕೂತಿದ್ದು ಅತ್ತೆಗೆ ಕಾಣಬಾರದು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು
ಎರಡನ್ನೂ ಒಂದೇ ಗುರುವಾರಕ್ಕೆ ಇಟ್ಟುಕೊಂಡವರಲ್ಲ.
ನನಗಿದ್ದದ್ದು ಹದಿನೇಳು ದಿನ.

ಹೋದೆ ದಮಿಯೆತ್ತಾಗೆ.
ಅಲ್ಲಿ ಊರಿಗೆ ಊರೇ ಗರಗಸದ ಹೊಟ್ಟು ಉಸಿರಾಡುತ್ತದೆ,
ಚಹದ ಮೇಲೂ ತೇಲುತ್ತದೆ, ಯಾರೂ ತೆಗೆಯುವುದಿಲ್ಲ.
ಉಸ್ತಾ ಮಿತ್ವಲ್ಲಿ ಹಲಗೆಯನ್ನು ಬೆರಳ ಗೆಣ್ಣಿಂದ ತಟ್ಟಿ
ಕಿವಿಗೊಟ್ಟು ಕೇಳಿದರು, ಹೊಟ್ಟೆನೋವಿನ ಮಗುವನ್ನು ಕೇಳುವಂತೆ.
"ಇದಿನ್ನೂ ಹಸಿ. ಮರಕ್ಕೆ ಗುರುವಾರ ಗೊತ್ತಿಲ್ಲ, ಬಾಶ್ಮುಹಂದಿಸಾ."
ನನಗೆ ಗೊತ್ತು, ಎಂದೆ.
ಅವರು ನಕ್ಕು ಒಣಗಿದ್ದೊಂದನ್ನು ಅಟ್ಟದಿಂದ ಇಳಿಸಿದರು,
ಇನ್ಯಾರದೋ ಮದುವೆಗೆಂದು ಎತ್ತಿಟ್ಟದ್ದು.

ಚಹದ ಪೊಟ್ಟಣ ಹರಿದು ಬೆನ್ನಿಗೆ ಬರೆದುಕೊಟ್ಟೆ:
ಮೇಲೆ ಒಟ್ಟು ಎತ್ತರ, ಎಪ್ಪತ್ತೇಳು.
ಕೆಳಗೆ ಕಾಲಿನ ಎತ್ತರ, ಹನ್ನೊಂದು.
ಮಾತಿಲ್ಲ, ಬಾಣದ ಗುರುತಿಲ್ಲ.
ಚೊಕ್ಕಟ ಬರಹದ ಜಂಬ ನನಗೆ.
ಕೆಲಸ ಕಲಿಯುವ ಹುಡುಗ ಝೀನ್ಹುಮ್
ಅದನ್ನು ಕೊಂಡೊಯ್ದು ಗೋಡೆಗೆ ಮೊಳೆ ಹೊಡೆದ.

ಆಮೇಲೆ ನನ್ನ ದಿನಗಳೆಲ್ಲ ಫೋನಿನೊಳಗೇ ಕಳೆದವು.
ಪರದೆಯ ಬಟ್ಟೆ ಬೇರೆ ಹಸಿರು ಬಂತು.
ಬಣ್ಣದವನ ಮಾವ ತೀರಿಕೊಂಡರು, ಅಥವಾ ಹಾಗೆಂದ.
ಹಿತ್ತಾಳೆ ಹಿಡಿಕೆ ಇಪ್ಪತ್ತು ಕೇಳಿದರೆ ಹತ್ತೊಂಬತ್ತು.
ರಾತ್ರಿ ಕಣ್ಣು ಮುಚ್ಚಿದರೆ ಮನೆಯಿಡೀ ಸಿದ್ಧ,
ದೀಪ ಹೊತ್ತಿದೆ, ಧೂಳಿಲ್ಲ;
ತೆರೆದರೆ ಸಿಮೆಂಟು ಚೀಲದ ಮೇಲೆ ಪಕ್ಕದ ಮನೆಯ ಬೆಕ್ಕು.

ಮಂಗಳವಾರ ರಾತ್ರಿ ಹನ್ನೊಂದಕ್ಕೆ ಲಾರಿ.
ಲಿಫ್ಟಿಗೆ ಹಿಡಿಸಲಿಲ್ಲ. ನಾಲ್ವರು, ನಾಲ್ಕು ಮಹಡಿ,
ತಿರುವು ತಿರುವಿಗೂ ದೇವರ ಹೆಸರು.
ಕಿಟಕಿಯ ಕೆಳಗೆ ಇಟ್ಟರು.
ಕೆಳಗೆ ಅನ್ನುವುದು ಹೇಗೆ?
ಕಪಾಟು ಅಂಚನ್ನು ದಾಟಿ
ಗಾಜಿಗೆ ಗದ್ದ ಊರಿ ನಿಂತಿತ್ತು,
ಹೊರಗೆ ನೋಡುವ ಎತ್ತರದ ಹುಡುಗಿಯ ಹಾಗೆ.

ಅಳತೆಪಟ್ಟಿ ಎಂಬತ್ತೆಂಟು ಅಂದಿತು.
ಎರಡನೆಯ ಸಲವೂ ಅದನ್ನೇ.

ನಾನು ಕೂಗಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಉಸ್ತಾ ಜೇಬಿನಿಂದ ಚಹದ ಪೊಟ್ಟಣ ತೆಗೆದರು,
ಮೊಳೆಯ ತೂತು ನೋಡಿದರು,
ತಿರುಗಿಸಿದರು. ಮತ್ತೆ ತಿರುಗಿಸಿದರು.
ಮೆಟ್ಟಿಲ ಬಾಗಿಲಲ್ಲಿ ನಿಂತ ಹುಡುಗ
ತನ್ನ ಚಪ್ಪಲಿಯನ್ನು ಮೊದಲ ಸಲ ಕಾಣುವವನಂತೆ ನೋಡುತ್ತಿದ್ದ.

"ನಿನ್ನ ಏಳೂ ಸರಿ, ನನ್ನ ಎಂಟೂ ಸರಿ," ಎಂದರು.
"ಹನ್ನೊಂದು ನೋಡು. ಹೇಗೆ ಹಿಡಿದರೂ ಹನ್ನೊಂದೇ."
ಒಂದು ಚಣ ನನಗೆ ಹೊಳೆಯಲಿಲ್ಲ.
ಅವರಾಗಲೇ ಮಂಡಿಯೂರಿ, ಕಪಾಟು ಮಗುಚಿ,
ಕಾಲುಗಳ ತಿರುಪು ಬಿಚ್ಚುತ್ತಿದ್ದರು.

ಚಿರಿಚಿರಿ ಸದ್ದು, ನಾಲ್ಕು ಸಲ.
ಕಾಲಿಲ್ಲದ ಕಪಾಟು ನೆಲಕ್ಕೆ ಕೂತಿತು.
ಎಪ್ಪತ್ತೇಳು, ಕೂದಲೆಳೆಯೂ ಹೆಚ್ಚಿಲ್ಲ.

ಗುರುವಾರ ಶಹೀರಾ ಅದರ ಮೇಲೆ ಕೂತು,
ಬಿಳಿ ಲಂಗ ಎತ್ತಿಕೊಂಡು, ಟ್ರಾಮು ನೋಡಿದಳಂತೆ.
"ನೆಲದಿಂದಲೇ ಚಿಗುರಿದ ಹಾಗಿದೆ," ಎಂದಳು,
"ಇದನ್ನೆಲ್ಲ ಹೇಗೆ ಯೋಚಿಸುತ್ತೀಯೋ!"
ನಾನು ತಲೆಯಾಡಿಸಿದೆ. ಹಣ ಬಾಕಿಯಿತ್ತು.

ಆ ಕಾಲುಗಳನ್ನು ಕಡೆದವನು ಝೀನ್ಹುಮ್.
ಕಡೆಯುವ ಯಂತ್ರ ಅವನ ಕೈಗೆ ಬಂದದ್ದು ಅದೇ ಮೊದಲು.
ಇದನ್ನು ಉಸ್ತಾ ಹೇಳಿದ್ದು ಲಾರಿ ಹೊರಟ ಮೇಲೆ, ಫೋನಿನಲ್ಲಿ.
ಮೂರು ನನ್ನ ಮೇಜಿನ ಮೇಲಿವೆ,
ನಕ್ಷೆಯ ಹಾಳೆ ಸುರುಳಿಯಾಗದಂತೆ ಮೂಲೆಗೊಂದು.
ನಾಲ್ಕನೆಯದನ್ನು ಅವನು ಒಯ್ದಿರಬೇಕು.
ಕೇಳಿಲ್ಲ.
ನಾಲ್ಕನೆಯ ಮೂಲೆ ಗಾಳಿಗೆ ಏಳುತ್ತದೆ,
ಒತ್ತಿ ಹಿಡಿದು ಬರೆಯುತ್ತೇನೆ,
ಈಗ ಅಂಕಿಯನ್ನಲ್ಲ, ಅಕ್ಷರದಲ್ಲಿ.